ಜೆಕ್ ನಟಿ ವ್ಲಾಸ್ತಾ ಖ್ರಮೊಸ್ತೊವಾ: ರಂಗಮಂದಿರ ಕೈತಪ್ಪಿದ ಮೇಲೆ ಮನೆಯಲ್ಲಿ ಆಡಿದ ನಾಟಕಗಳ ಬಗ್ಗೆ ತಿಳಿದವರು ಬರೆಯಬೇಕೆಂದು ಕೋರಿಕೆ

ತಾಳಿಕೋಟೆಯ ಓದುಗಿ ಕೇಳಿದ್ದು:

ಬಳಗದ ಹಿರಿಯರಿಗೂ ಗೆಳೆಯರಿಗೂ ಶರಣು. ವಿಜಯಪುರದಲ್ಲಿ ಕೆಲವು ಅಧ್ಯಾಪಕಿಯರು ಮತ್ತು ವಿದ್ಯಾರ್ಥಿನಿಯರು ಸೇರಿ, ಹೊರದೇಶದ ಹಳೆಯ ಚಲನಚಿತ್ರಗಳನ್ನು ನೋಡಿ ಮಾತನಾಡುವ ಕೂಟವೊಂದನ್ನು ನಡೆಸುತ್ತಿದ್ದೇವೆ. ಈಚೆಗೆ ನಾವು ನೋಡಿದ್ದು ಯುರಾಯ್ ಹೆರ್ಜ್ ನಿರ್ದೇಶಿಸಿದ 1969ರ ಜೆಕೊಸ್ಲೊವಾಕಿಯಾದ ಚಿತ್ರ. ‘ದ ಕ್ರಿಮೇಟರ್’ ಎಂಬ ಇಂಗ್ಲಿಷ್ ಹೆಸರಿನಿಂದ ಅದು ಹೊರಗಿನವರಿಗೆ ಪರಿಚಿತವಾಗಿದೆ. ಪ್ರಾಗ್ ನಗರದ ಶವದಹನಾಗಾರದಲ್ಲಿ ಕೆಲಸ ಮಾಡುವ, ಮೆಲುದನಿಯಲ್ಲಿ ಮಾತನಾಡುವ, ಕುಡಿತವನ್ನೂ ಧೂಮಪಾನವನ್ನೂ ದೂರವಿಟ್ಟ ಗೃಹಸ್ಥನೊಬ್ಬ ನಾತ್ಸಿ ವಿಚಾರಕ್ಕೆ ಮನಸೋತು, ಯಹೂದಿ ತಾಯಿಗೆ ಹುಟ್ಟಿದವಳೆಂಬ ಕಾರಣಕ್ಕೆ ತನ್ನ ಹೆಂಡತಿಯನ್ನೇ ಕೊಲ್ಲುವ ಕಥೆ ಅದು.

ಚಿತ್ರ ಮುಗಿದ ಮೇಲೆ ಎಲ್ಲರ ಮಾತೂ ಗಂಡನ ಪಾತ್ರ ಮಾಡಿದ ರುಡಾಲ್ಫ್ ಹ್ರುಶೀನ್ಸ್ಕಿ ಅವರ ಅಭಿನಯದ ಸುತ್ತಲೇ ಸುತ್ತಿತು. ಅದು ಸಹಜವೇ, ಏಕೆಂದರೆ ಚಿತ್ರದುದ್ದಕ್ಕೂ ಮಾತೆಲ್ಲ ಆತನದೇ. ಆದರೆ ನನ್ನ ಕಣ್ಣು ನಿಂತದ್ದು ಹೆಂಡತಿ ಲಕ್ಮೆಯ ಪಾತ್ರದಲ್ಲಿದ್ದ ನಟಿಯ ಮೇಲೆ. ಮುಂದಿನ ಕೂಟವನ್ನು ಆಕೆಗೇ ಮೀಸಲಿಡೋಣ ಎಂದು ನಾನು ಕೇಳಿಕೊಂಡಾಗ ಉಳಿದವರು ಒಪ್ಪಿದರು. ಹುಡುಕಿ ನೋಡಿದರೆ, ನಟಿಯ ಹೆಸರು ವ್ಲಾಸ್ತಾ ಖ್ರಮೊಸ್ತೊವಾ ಎಂದೂ, ಈ ಚಿತ್ರದ ಬಳಿಕ ಬಹುಕಾಲ ಅವರು ತೆರೆಯ ಮೇಲಾಗಲಿ ರಂಗದ ಮೇಲಾಗಲಿ ಕಾಣಿಸಲಿಲ್ಲವೆಂದೂ, ಆ ವರ್ಷಗಳಲ್ಲಿ ತಮ್ಮ ಮನೆಯಲ್ಲೇ ನಾಟಕವಾಡುತ್ತಿದ್ದರೆಂದೂ ತಿಳಿಯಿತು.

ನನ್ನ ಪ್ರಶ್ನೆ ಎರಡು. ದೊಡ್ಡ ರಂಗಮಂದಿರದಲ್ಲಿ ಪಳಗಿದ ನಟಿಯೊಬ್ಬರು ಮನೆಯ ಕೋಣೆಗೆ ಬಂದದ್ದು ಹೇಗೆ, ಮತ್ತು ಅಲ್ಲಿ ನಡೆದದ್ದನ್ನು ನಾಟಕವೆಂದೇ ಪರಿಗಣಿಸಬೇಕೋ ಅಥವಾ ಅದು ಮುಖ್ಯವಾಗಿ ರಾಜಕೀಯ ಪ್ರತಿಭಟನೆಯೋ? ವಿದ್ಯಾರ್ಥಿನಿಯರ ಮುಂದೆ ಅವರನ್ನು ಕೇವಲ ನೊಂದ ಹೆಣ್ಣುಮಗಳಾಗಿ ನಿಲ್ಲಿಸಲು ನನಗೆ ಇಷ್ಟವಿಲ್ಲ. ಅವರು ಮೊದಲು ನಟಿ. ಆದ್ದರಿಂದ ಕಲೆಯ ಕಡೆಯಿಂದ ತಿಳಿದವರು ದಯವಿಟ್ಟು ಬರೆಯಿರಿ.

ಗೋಕಾಕಿನ ನಿವೃತ್ತ ಉಪನ್ಯಾಸಕ ಉತ್ತರಿಸಿದ್ದು:

ತಂಗೀ, ಬಹಳ ಒಳ್ಳೆಯ ಪ್ರಶ್ನೆಯನ್ನು ಎತ್ತಿದ್ದೀರಿ. ಮೊದಲು ಅವರ ಬದುಕಿನ ಹಾದಿಯನ್ನು ಹೇಳುತ್ತೇನೆ.

ವ್ಲಾಸ್ತಾ ಖ್ರಮೊಸ್ತೊವಾ ಹುಟ್ಟಿದ್ದು 1926ರ ಮಾರ್ಚ್ 9ರಂದು, ಮೊರಾವಿಯಾ ಪ್ರಾಂತದ ಬ್ರನೋ ನಗರದಲ್ಲಿ. ಅಭಿನಯವನ್ನು ಕಲಿತದ್ದೂ ಅದೇ ಊರಿನಲ್ಲಿ. ಅವರ ಹರೆಯದ ವರ್ಷಗಳು ನಾತ್ಸಿ ಆಕ್ರಮಣದ ವರ್ಷಗಳಾಗಿದ್ದವು ಎಂಬುದನ್ನು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ನಾತ್ಸಿ ಕಾಲದ ಕಥೆಗಳಲ್ಲಿ ಪಾತ್ರ ವಹಿಸಿದಾಗ ಆ ಕಾಲದ ಭಯವನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಯುದ್ಧ ಮುಗಿದ ಮೇಲೆ ಮೊರಾವಿಯಾದ ರಂಗಮಂದಿರಗಳಲ್ಲಿ ಆಡಿ, 1950ರಲ್ಲಿ ಪ್ರಾಗ್‌ನ ವಿನೊಹ್ರಾಡಿ ರಂಗಮಂದಿರವನ್ನು ಸೇರಿದರು. 1907ರಲ್ಲಿ ಆರಂಭವಾದ ಆ ರಂಗಮಂದಿರವು ರಾಜಧಾನಿಯ ದೊಡ್ಡ ರಂಗಮಂದಿರಗಳಲ್ಲಿ ಒಂದು. ಅವರು ಸೇರಿದ ಕಾಲದಿಂದ ಹಲವು ವರ್ಷ ಅದು ಸೈನ್ಯದ ಆಡಳಿತದಲ್ಲಿತ್ತು. ಅಲ್ಲಿ ಅವರು 1970ರವರೆಗೆ, ಅಂದರೆ ಇಪ್ಪತ್ತು ವರ್ಷ ಇದ್ದರು.

ಇಲ್ಲಿ ಒಂದು ಮಾತು ಸೇರಿಸಬೇಕು. ಜೆಕ್ ರಂಗಮಂದಿರಗಳಲ್ಲಿ ಕಲಾವಿದರು ಸಂಬಳದ ಮೇಲೆ ಒಂದೇ ಮಂಡಳಿಯಲ್ಲಿ ವರ್ಷಾನುಗಟ್ಟಲೆ ಇರುತ್ತಾರೆ. ಸಂಜೆಗೊಂದು ಬೇರೆ ನಾಟಕ, ಒಂದೇ ವಾರದಲ್ಲಿ ಹಲವು ಪಾತ್ರ. ನಮ್ಮ ಏಣಗಿ ಬಾಳಪ್ಪನವರ ಕಾಲದ ಕಂಪನಿಗಳನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವೆನಿಸಲಾರದು, ಆದರೆ ಅಲ್ಲಿ ಆಗ ಮಾಲೀಕತ್ವ ಕಮ್ಯುನಿಸ್ಟ್ ಸರ್ಕಾರದ್ದು. ಆದ್ದರಿಂದ ಸರ್ಕಾರ ಮುನಿಸಿಕೊಂಡಿತೆಂದರೆ ಮತ್ತೊಂದು ಕಂಪನಿಗೆ ಹೋಗಿ ಸೇರುವ ದಾರಿಯೇ ಇರುತ್ತಿರಲಿಲ್ಲ. ಖ್ರಮೊಸ್ತೊವಾ ಅವರಿಗೆ ಮುಂದೆ ಆದದ್ದನ್ನು ಈ ಹಿನ್ನೆಲೆಯಿಲ್ಲದೆ ಅರ್ಥ ಮಾಡಿಕೊಳ್ಳುವುದು ಕಷ್ಟ.

ಸಿನಿಮಾದಲ್ಲಿ ಅವರನ್ನು ಜನ ಗುರುತಿಸಿದ್ದು 1950ರಲ್ಲಿ ಮಾರ್ಟಿನ್ ಫ್ರಿಚ್ ನಿರ್ದೇಶಿಸಿದ, ನಾತ್ಸಿವಿರೋಧಿ ಹೋರಾಟದ ಕಥೆಯಿರುವ ಚಿತ್ರದಿಂದ. 1963ರಲ್ಲಿ ವೊಯ್ತೆಖ್ ಯಾಸ್ನಿ ಅವರ, ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಬಹುಮಾನ ಪಡೆದ, ಕನ್ನಡಕ ಧರಿಸಿದ ಬೆಕ್ಕಿನ ಕಥೆಯ ಚಿತ್ರದಲ್ಲಿಯೂ ಅವರಿದ್ದಾರೆ. ಆದರೆ ತೆರೆಯ ಮೇಲಿನ ಅವರ ಶ್ರೇಷ್ಠ ಕೆಲಸ ನೀವು ನೋಡಿದ ಚಿತ್ರವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದರ ಛಾಯಾಗ್ರಾಹಕ ಸ್ಟಾನಿಸ್ಲಾವ್ ಮಿಲೋಟಾ ಖ್ರಮೊಸ್ತೊವಾ ಅವರ ಜೀವನಸಂಗಾತಿ.

1968ರ ಆಗಸ್ಟ್‌ನಲ್ಲಿ, ಅಲ್ಲಿ ನಡೆದಿದ್ದ ರಾಜಕೀಯ ಸುಧಾರಣೆಗಳನ್ನು ಹತ್ತಿಕ್ಕಲು ಸೋವಿಯತ್ ನೇತೃತ್ವದ ಸೇನೆಗಳು ದೇಶದೊಳಕ್ಕೆ ನುಗ್ಗಿದವು. 1969ರ ಜನವರಿಯಲ್ಲಿ ಯಾನ್ ಪಾಲಾಖ್ ಎಂಬ ವಿದ್ಯಾರ್ಥಿ ಅದನ್ನು ಪ್ರತಿಭಟಿಸಿ ಪ್ರಾಗ್‌ನ ಚೌಕದಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಆತನ ಶವಯಾತ್ರೆಯನ್ನು ಮಿಲೋಟಾ ಕ್ಯಾಮೆರಾದಲ್ಲಿ ಸೆರೆಹಿಡಿದರು. ಆಮೇಲೆ ಗಂಡಹೆಂಡಿರಿಬ್ಬರಿಗೂ ಕೆಲಸದ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. 1970ರಲ್ಲಿ ವಿನೊಹ್ರಾಡಿಯ ನಂಟು ಕಡಿಯಿತು. ಪಶ್ಚಿಮದ ಗಡಿಯಲ್ಲಿರುವ ಖೆಬ್ ಎಂಬ ಊರಿನ ರಂಗಮಂದಿರದಲ್ಲಿ, ತಾವೂ ಪ್ರಾಗ್‌ನಿಂದ ದೂರವಾಗಿದ್ದ ನಿರ್ದೇಶಕ ಯಾನ್ ಗ್ರೋಸ್ಮನ್ ಅವರ ಜೊತೆ ಸ್ವಲ್ಪಕಾಲ ಆಡಲು ಸಾಧ್ಯವಾಯಿತು. ಅದೂ ನಿಂತಿತು. ಸಿನಿಮಾ, ದೂರದರ್ಶನ, ಬಾನುಲಿ ಯಾವುದರಲ್ಲಿಯೂ ಅವರಿಗೆ ಜಾಗ ಉಳಿಯಲಿಲ್ಲ.

ಬಾಗಲಕೋಟೆಯ ರಂಗಕರ್ಮಿ ಉತ್ತರಿಸಿದ್ದು:

ಸರ್ ಬರೆದದ್ದರ ಮುಂದಿನ ಭಾಗವನ್ನು, ಅಂದರೆ ಮನೆಯ ರಂಗಭೂಮಿಯ ಸಂಗತಿಯನ್ನು, ನಾನು ಬರೆಯುತ್ತೇನೆ. ನನಗೆ ಅದು ಬಹಳ ಪ್ರಿಯವಾದ ವಿಷಯ.

ಆರಂಭವಾದದ್ದು 1976ರಲ್ಲಿ. ಮೊದಲ ಪ್ರಯೋಗಕ್ಕೆ ಆಯ್ದುಕೊಂಡದ್ದು ಕವಿ ಯಾರೊಸ್ಲಾವ್ ಸೈಫರ್ಟ್ ಅವರ, ಆಗಿನ್ನೂ ಅಚ್ಚಾಗದಿದ್ದ ನೆನಪಿನ ಬರಹಗಳನ್ನು. ಮುಂದೆ 1984ರಲ್ಲಿ ನೊಬೆಲ್ ಪಡೆದ ಕವಿ ಅವರು. ಈ ಆಯ್ಕೆಯಲ್ಲಿ ಒಂದು ರಂಗಬುದ್ಧಿ ಇದೆ. ಅರಮನೆ, ಯುದ್ಧ, ಗುಂಪು ಬೇಡುವ ನಾಟಕವನ್ನು ಬಿಟ್ಟು, ಒಬ್ಬರು ಇನ್ನೊಬ್ಬರ ಎದುರು ಕುಳಿತು ಹೇಳಬಹುದಾದ ಗದ್ಯವನ್ನು ತೆಗೆದುಕೊಂಡಾಗ ಕೋಣೆಯು ಕೊರತೆಯಾಗಿ ಕಾಣುವುದಿಲ್ಲ. ಅದು ಆ ಬರಹಕ್ಕೆ ತಕ್ಕ ಜಾಗವೇ ಆಗುತ್ತದೆ.

ಅಲ್ಲಿಂದ ಅವರು ಷೇಕ್ಸ್‌ಪಿಯರ್‌ಗೆ ಹೋದರು. 1978ರಲ್ಲಿ ನಾಟಕಕಾರ ಪಾವೆಲ್ ಕೊಹೌಟ್ ‘ಮ್ಯಾಕ್‌ಬೆತ್’ ನಾಟಕವನ್ನು ಸುಮಾರು 75 ನಿಮಿಷಕ್ಕೆ ಇಳಿಸಿ ಐದು ಜನಕ್ಕೆ ಹೊಂದಿಸಿದರು. ಪಾವೆಲ್ ಲಾಂಡೊವ್ಸ್ಕಿ ಮ್ಯಾಕ್‌ಬೆತ್, ಖ್ರಮೊಸ್ತೊವಾ ಲೇಡಿ ಮ್ಯಾಕ್‌ಬೆತ್. ಗಾಯಕ ವ್ಲಾಸ್ತಿಮಿಲ್ ತ್ರೆಶ್ನ್ಯಾಕ್ ಕೂಡ ತಂಡದಲ್ಲಿದ್ದರು. ಯಾರಾದರೂ ತಮ್ಮ ಮನೆಗೆ ಗೆಳೆಯರನ್ನು ಸೇರಿಸಿ ಕರೆದರೆ, ಐದು ಜನ ಒಂದೇ ಪೆಟ್ಟಿಗೆಯಲ್ಲಿ ಸಾಮಾನು ಹೊತ್ತು ಬಂದು ಆಡಿಹೋಗುವ ಏರ್ಪಾಡು ಅದು. ಕೊಹೌಟ್ ಇದನ್ನೆಲ್ಲ ಪತ್ರದಲ್ಲಿ ತಿಳಿಸಿದ್ದು ಇಂಗ್ಲೆಂಡಿನ ನಾಟಕಕಾರ ಟಾಮ್ ಸ್ಟಾಪರ್ಡ್ ಅವರಿಗೆ; ಅದರಿಂದ ಪ್ರೇರಿತರಾಗಿ ಸ್ಟಾಪರ್ಡ್ 1979ರಲ್ಲಿ ಬರೆದ ನಾಟಕದಲ್ಲಿ, ಮನೆಯೊಳಗಿನ ಮ್ಯಾಕ್‌ಬೆತ್ ಪ್ರದರ್ಶನದ ನಡುವೆ ಪೊಲೀಸ್ ಇನ್ಸ್‌ಪೆಕ್ಟರ್ ನುಗ್ಗಿಬರುತ್ತಾನೆ. ಸ್ಟಾಪರ್ಡ್ ಹುಟ್ಟಿದ್ದೂ ಮೊರಾವಿಯಾದಲ್ಲೇ, ಬಾಟಾ ಚಪ್ಪಲಿ ಕಂಪನಿಯ ಊರಾದ ಝ್ಲೀನ್‌ನಲ್ಲಿ. ಬಾಲ್ಯದಲ್ಲಿ ಅವರು ಶಾಲೆಗೆ ಹೋದದ್ದು ನಮ್ಮ ಡಾರ್ಜಿಲಿಂಗ್‌ನಲ್ಲಿ.

ಕಲೆಯ ಕಡೆಯಿಂದ ನೋಡಿದರೆ, ಅಲ್ಲಿ ನಡೆದದ್ದು ನಾಟಕವೇ ಎಂದು ಸ್ವಲ್ಪವೂ ಅಳುಕದೆ ಹೇಳುತ್ತೇನೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕಗಳ ಪಾತ್ರಧಾರಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸಲು ಉಸಿರನ್ನು ಹೊಟ್ಟೆಯಿಂದ ಎತ್ತಬೇಕು, ಕೈಯನ್ನು ಭುಜದಿಂದ ಬೀಸಬೇಕು. ಅದೇ ಪಾತ್ರಧಾರಿಯನ್ನು ಪಡಸಾಲೆಯಲ್ಲಿ, ಪ್ರೇಕ್ಷಕರ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಲ್ಲಿಸಿದರೆ ಅವೆಲ್ಲ ಸುಳ್ಳಾಗಿ ಕೇಳಿಸುತ್ತವೆ. ವಿನೊಹ್ರಾಡಿಯಂಥ ಮಂದಿರದಲ್ಲಿ ಇಪ್ಪತ್ತು ವರ್ಷ ಆಡಿದವರು ಐವತ್ತರ ವಯಸ್ಸಿನಲ್ಲಿ ತಮ್ಮ ದನಿಯ ಅಳತೆಯನ್ನು ಮತ್ತೆ ಹೊಸದಾಗಿ ಹಿಡಿಯಬೇಕಾಯಿತು. ಲೇಡಿ ಮ್ಯಾಕ್‌ಬೆತ್ ನಿದ್ದೆಗಣ್ಣಿನಲ್ಲಿ ಕೈ ಉಜ್ಜಿಕೊಳ್ಳುವ ದೃಶ್ಯವನ್ನು ಅಷ್ಟು ಸಮೀಪದಲ್ಲಿ, ದೀಪಗಳ ಆಸರೆಯಿಲ್ಲದೆ ಮಾಡುವುದೆಂದರೆ ಏನೆಂಬುದು ರಂಗದಲ್ಲಿ ದುಡಿದವರಿಗೆ ಗೊತ್ತು.

ನಮ್ಮ ಭಾಗದಲ್ಲಿಯೂ ಕಟ್ಟಡವಿಲ್ಲದ ರಂಗಭೂಮಿಯ ದೊಡ್ಡ ಪರಂಪರೆ ಇದೆ. ಕುಲಗೋಡ ತಮ್ಮಣ್ಣನವರು ರೂಪಿಸಿದ, ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರು ಬೆಳಗಿಸಿದ ಶ್ರೀಕೃಷ್ಣ ಪಾರಿಜಾತದಲ್ಲಿ ಕೆಲವೇ ಪಾತ್ರಗಳು. ಪರದೆಯಿಲ್ಲ, ಅಲಂಕಾರದ ಮಂಟಪವಿಲ್ಲ, ಜನ ಸುತ್ತ ಕುಳಿತಿರುತ್ತಾರೆ. ಸತ್ಯಭಾಮೆಯ ಮುನಿಸನ್ನು ಕಾಣಿಸಲು ನಟಿಯ ಮುಖ ಮತ್ತು ಕಂಠ ಸಾಕು. ಆ ಪರಂಪರೆ ಬಲ್ಲ ನಾವು, ಕೋಣೆಯಲ್ಲಿ ಆಡಿದ್ದನ್ನು ಕಡಿಮೆ ದರ್ಜೆಯದೆಂದು ಎಣಿಸಲು ಕಾರಣವೇ ಇಲ್ಲ.

ಇನ್ನೊಂದು ಪ್ರಯೋಗವನ್ನು ಬಿಡುವಂತಿಲ್ಲ. ವಿನೊಹ್ರಾಡಿ ರಂಗಮಂದಿರದ ನಿರ್ದೇಶಕರಾಗಿದ್ದು 1970ರಲ್ಲಿ ಸ್ಥಾನ ಕಳೆದುಕೊಂಡ ಫ್ರಾಂಟಿಶೆಕ್ ಪಾವ್ಲಿಚೆಕ್, ಹತ್ತೊಂಬತ್ತನೆಯ ಶತಮಾನದ ಲೇಖಕಿ ಬೊಝೆನಾ ನ್ಯೆಮ್ಸೊವಾ ಅವರನ್ನು ಕುರಿತ ನಾಟಕವೊಂದನ್ನು ಖ್ರಮೊಸ್ತೊವಾ ಅವರ ಮನೆಯ ರಂಗಕ್ಕಾಗಿ ಬರೆದುಕೊಟ್ಟರು. ಬದುಕಿದ್ದಾಗ ಬಡತನದಲ್ಲಿ ಬಿಟ್ಟು, ಸತ್ತ ಮೇಲೆ ದೊಡ್ಡ ಮೆರವಣಿಗೆ ಮಾಡಿ ಮಣ್ಣು ಕೊಟ್ಟ ಲೇಖಕಿಯ ಕಥೆ. ಕೆಲಸ ಕಳೆದುಕೊಂಡ ರಂಗಮುಖ್ಯಸ್ಥ ಬರೆದದ್ದನ್ನು ಕೆಲಸ ಕಳೆದುಕೊಂಡ ನಟಿ ಆಡಿದಾಗ, ಹಳೆಯ ವಿನೊಹ್ರಾಡಿಯ ಒಂದು ತುಣುಕು ಆ ಮನೆಯಲ್ಲಿ ಉಳಿದುಕೊಂಡಿತ್ತು ಎಂದೇ ನಾನು ಭಾವಿಸುತ್ತೇನೆ.

ಬೆಳಗಾವಿಯ ಸಹೃದಯಿ ಉತ್ತರಿಸಿದ್ದು:

ಮೇಲಿನ ಎರಡು ಬರಹಗಳನ್ನೂ ಆದರದಿಂದ ಓದಿದೆ. ಆದರೆ ರಂಗಕರ್ಮಿ ಅಣ್ಣನವರ ಮಾತಿಗೆ ನನ್ನದೊಂದು ತಕರಾರಿದೆ. ಪಾರಿಜಾತದ ಕಲಾವಿದೆಯನ್ನು ಊರೇ ಕರೆಸುತ್ತಿತ್ತು. ಆಕೆ ಬಂದಳೆಂದರೆ ಅಕ್ಕಪಕ್ಕದ ಹಳ್ಳಿಗಳಿಂದಲೂ ಬಂಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ಪ್ರಾಗ್‌ನ ಆ ಮನೆಗೆ ಬಂದವರು ಪೊಲೀಸರ ಕಣ್ಗಾವಲಿನ ನಡುವೆ ಬಂದವರು. ಎರಡನ್ನೂ ಒಂದೇ ಪರಂಪರೆಯ ಸಾಲಿಗೆ ಸೇರಿಸಿದರೆ ಅವರ ಮೇಲೆ ನಡೆದ ಅನ್ಯಾಯ ಹಗುರವಾಗುತ್ತದೆ. ಲೆಕ್ಕ ಹಾಕಿ ನೋಡಿ: ವಿನೊಹ್ರಾಡಿಯನ್ನು ಬಿಟ್ಟಾಗ ಅವರಿಗೆ 44 ವರ್ಷ, ಕಮ್ಯುನಿಸ್ಟ್ ಆಡಳಿತ ಕುಸಿದ 1989ರಲ್ಲಿ 63 ವರ್ಷ. ನಟಿಯೊಬ್ಬಳು ಮಾಗಿದ ಕಸುಬಿನಿಂದ ದೊಡ್ಡ ಪಾತ್ರಗಳನ್ನು ಎತ್ತಿ ಹಿಡಿಯಬಹುದಾದ ವರ್ಷಗಳು ಅವು. ಅಷ್ಟೂ ವರ್ಷಗಳಲ್ಲಿ ಅವರನ್ನು ಕಂಡವರು ಕೆಲವು ಕೋಣೆಗಳಲ್ಲಿ ಹಿಡಿಸುವಷ್ಟು ಜನ. ನಾಟಕವು ಕೋಣೆಯಲ್ಲಿ ಬದುಕಿತು ಎಂಬುದು ನಿಜ. ಪ್ರೇಕ್ಷಕ ಸಮುದಾಯವನ್ನು ಅವರಿಂದ ಕಿತ್ತುಕೊಂಡದ್ದೂ ಅಷ್ಟೇ ನಿಜ.

ತಾಳಿಕೋಟೆಯ ಅಕ್ಕನವರು ವಿದ್ಯಾರ್ಥಿನಿಯರಿಗೆ ಹೇಳುವಾಗ 1977ರ ಜನವರಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದು ನನ್ನ ಬಿನ್ನಹ. ಸರ್ಕಾರವು ತಾನೇ ಒಪ್ಪಿ ಸಹಿ ಮಾಡಿದ ಮಾನವ ಹಕ್ಕುಗಳ ಒಪ್ಪಂದಗಳನ್ನು ಪಾಲಿಸಲಿ ಎಂದು ಕೇಳುವ ‘ಚಾರ್ಟರ್ 77’ ಎಂಬ ಹೇಳಿಕೆ ಆ ತಿಂಗಳ ಆರಂಭದಲ್ಲಿ ಹೊರಬಂತು. ಮುಂದೆ ದೇಶದ ಅಧ್ಯಕ್ಷರಾದ ನಾಟಕಕಾರ ವಾಕ್ಲಾವ್ ಹಾವೆಲ್, ತತ್ತ್ವಶಾಸ್ತ್ರಜ್ಞ ಯಾನ್ ಪಾತೊಚ್ಕಾ ಮತ್ತು ಹಿಂದಿನ ವಿದೇಶಾಂಗ ಸಚಿವ ಯಿರ್ಜಿ ಹಾಯೆಕ್ ಅದರ ಮೊದಲ ವಕ್ತಾರರು; ಖ್ರಮೊಸ್ತೊವಾ ಅದಕ್ಕೆ ಸಹಿ ಹಾಕಿದರು. ಪಾತೊಚ್ಕಾ ಪೊಲೀಸರ ದೀರ್ಘ ವಿಚಾರಣೆಗಳ ಬಳಿಕ ಅದೇ ಮಾರ್ಚ್‌ನಲ್ಲಿ ತೀರಿಕೊಂಡರು.

ಜನವರಿ 28ರಂದು ಸರ್ಕಾರವು ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಕಲಾವಿದರನ್ನೆಲ್ಲ ಸೇರಿಸಿ, ಆ ಹೇಳಿಕೆಯನ್ನು ವಿರೋಧಿಸುವ ಘೋಷಣೆಯನ್ನು ಓದಿಸಿ ಸಹಿ ಪಡೆಯಿತು. ಅದನ್ನು ಓದಿದ ನಟಿ ಯಿರ್ಜಿನಾ ಶ್ವೊರ್ಸೊವಾ ಕೂಡ ವಿನೊಹ್ರಾಡಿ ರಂಗಮಂದಿರದವರೇ. ಖ್ರಮೊಸ್ತೊವಾ ಅವರಿಗಿಂತ ಎರಡು ವರ್ಷಕ್ಕೆ ಕಿರಿಯರು. ಒಂದೇ ಮಂಡಳಿಯಲ್ಲಿ ಆಡಿದ ಇಬ್ಬರು ನಟಿಯರಲ್ಲಿ ಒಬ್ಬರು ದೇಶದ ಅತ್ಯಂತ ಗೌರವದ ವೇದಿಕೆಯಲ್ಲಿ ನಿಂತು ಘೋಷಣೆ ಓದಿದರು, ಇನ್ನೊಬ್ಬರು ಮನೆಯಲ್ಲಿ ಕುಳಿತು ಸೈಫರ್ಟ್ ಓದಿದರು. ಆ ರಾಷ್ಟ್ರೀಯ ರಂಗಮಂದಿರವಾದರೋ ಹತ್ತೊಂಬತ್ತನೆಯ ಶತಮಾನದಲ್ಲಿ ಜೆಕ್ ಜನಸಾಮಾನ್ಯರು ಕಾಸು ಕೂಡಿಸಿ ತಮ್ಮ ಭಾಷೆಗಾಗಿ ಕಟ್ಟಿಸಿಕೊಂಡದ್ದು. 1989ರ ಬದಲಾವಣೆಯ ಬಳಿಕ ಖ್ರಮೊಸ್ತೊವಾ ಅದೇ ರಂಗಮಂದಿರದ ಮಂಡಳಿಯನ್ನು ಸೇರಿ ಅಲ್ಲಿ ಹಲವು ವರ್ಷ ಆಡಿದರು ಎಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಆದರೆ ಅವರನ್ನು ಕಳಂಕವಿಲ್ಲದ ಮೂರ್ತಿಯಾಗಿಸಿ ಪೂಜಿಸಬಾರದು. ಅವರೇ ಅದನ್ನು ಬಯಸಲಿಲ್ಲ. 1999ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ ತಾವು ರಹಸ್ಯ ಪೊಲೀಸರಿಗೆ ಸಹಕರಿಸಿದ್ದನ್ನು ಅವರು ಬರೆದರು. ತಮ್ಮನ್ನು ಮುಂದೆ ಹಿಂಸಿಸಿದ ಅದೇ ಇಲಾಖೆಗೆ ಒಂದು ಕಾಲದಲ್ಲಿ ತಾವು ಕೈಜೋಡಿಸಿದ್ದಾಗಿ, ದೇಶವೇ ಗೌರವಿಸುತ್ತಿದ್ದ ವಯಸ್ಸಿನಲ್ಲಿ, ಸ್ವಂತ ಪುಸ್ತಕದಲ್ಲಿ ಹೇಳಿಕೊಳ್ಳಲು ಯಾವ ಧೈರ್ಯ ಬೇಕೆಂದು ಯೋಚಿಸಿ. ಚಾರ್ಟರ್‌ಗೆ ಸಹಿ ಮಾಡಿದ್ದನ್ನು ನಾನು ಎಷ್ಟು ಗೌರವಿಸುತ್ತೇನೋ ಈ ಬರವಣಿಗೆಯನ್ನೂ ಅಷ್ಟೇ ಗೌರವಿಸುತ್ತೇನೆ. ಇದನ್ನು ವಿದ್ಯಾರ್ಥಿನಿಯರಿಂದ ಮುಚ್ಚಿಟ್ಟರೆ ಅವರಿಗೆ ಸಿಗುವುದು ಅರ್ಧ ಮನುಷ್ಯಳ ಪರಿಚಯ.

ತಾಳಿಕೋಟೆಯ ಓದುಗಿ:

ಮೂವರಿಗೂ ಮನಃಪೂರ್ವಕ ಧನ್ಯವಾದ. ಬೆಳಗಾವಿಯ ಅಕ್ಕನವರ ಮಾತನ್ನು ಒಪ್ಪುತ್ತೇನೆ. ಆತ್ಮಕಥನದ ಸಂಗತಿಯನ್ನು ಖಂಡಿತವಾಗಿ ಕೂಟದಲ್ಲಿ ಹೇಳುತ್ತೇನೆ. ಅಮೀರಬಾಯಿ ಕರ್ನಾಟಕಿಯವರ ಊರಿನ ಕಡೆಯವರಾದ ನಮ್ಮ ಹುಡುಗಿಯರಿಗೆ, ಹಾಡಿ ನಟಿಸಿ ದೊಡ್ಡ ಹೆಸರು ಮಾಡಿದ ಹೆಣ್ಣುಮಕ್ಕಳ ಕಥೆಗಳು ಗೊತ್ತಿವೆ. ಹೆಸರು ಮಾಡಿದ ಮೇಲೆ ಅದನ್ನು ಪಣಕ್ಕಿಟ್ಟವರ ಕಥೆಯನ್ನೂ ಅವರು ಕೇಳಲಿ.

ಒಂದು ಪ್ರಾಯೋಗಿಕ ಸಲಹೆ ಬೇಕು. ಮನೆಯ ಪ್ರಯೋಗಗಳನ್ನು ನಾವು ನೋಡುವಂತಿಲ್ಲ, ನಮ್ಮ ಕೈಯಲ್ಲಿರುವುದು ಆ ಒಂದು ಚಿತ್ರ. ಮರಳಿ ನೋಡುವಾಗ ಗಂಡನ ಪಾತ್ರದ ಮೇಲಿನ ಗಮನವನ್ನು ಖ್ರಮೊಸ್ತೊವಾ ಅವರ ಕಡೆಗೆ ತಿರುಗಿಸಲು ಯಾವ ದೃಶ್ಯಗಳನ್ನು ಆಯ್ದುಕೊಳ್ಳಬೇಕು?

ಗೋಕಾಕಿನ ನಿವೃತ್ತ ಉಪನ್ಯಾಸಕ:

ಮೂರು ಕಡೆ ನಿಲ್ಲಿಸಿ ನೋಡಿರಿ, ತಂಗೀ.

ಒಂದು, ಆರಂಭದ ಪ್ರಾಣಿಸಂಗ್ರಹಾಲಯದ ದೃಶ್ಯ. ಚಿರತೆಯ ಪಂಜರದ ಎದುರು ಗಂಡ ತಮ್ಮ ಮೊದಲ ಭೇಟಿಯನ್ನು ನೆನೆಯುತ್ತಾನೆ. ಹೆಂಡತಿಯ ನಿಜವಾದ ಹೆಸರು ಮಾರಿ. ಲಕ್ಮೆ ಎಂಬುದು ಆತ ತನ್ನ ರುಚಿಗೆ ತಕ್ಕಂತೆ ಇಟ್ಟದ್ದು, ನಮ್ಮ ದೇಶದಲ್ಲಿ ನಡೆಯುವ ಕಥೆಯುಳ್ಳ ಫ್ರೆಂಚ್ ಸಂಗೀತನಾಟಕವೊಂದರ ನಾಯಕಿಯ ಹೆಸರು ಅದು. ಆತ ಹೇಳುತ್ತಲೇ ಇರುತ್ತಾನೆ, ಆಕೆ ಕೇಳುತ್ತಲೇ ಇರುತ್ತಾಳೆ. ಕ್ಯಾಮೆರಾ ಮುಖಗಳನ್ನು ತುಂಡುತುಂಡಾಗಿ, ತೀರ ಹತ್ತಿರದಿಂದ ತೋರಿಸುತ್ತದೆ. ಕೇಳುವವಳ ಮುಖವು ಗಂಡನಿಗೆ ಒಗ್ಗಿಹೋದ ಹೆಣ್ಣಿನ ಮುಖವಾಗಿ ಕಾಣಬೇಕು, ದಡ್ಡಿಯ ಮುಖವಾಗಿ ಕಾಣಬಾರದು; ಆ ಗೆರೆಯನ್ನು ಅವರು ಒಮ್ಮೆಯೂ ದಾಟುವುದಿಲ್ಲ.

ಎರಡು, ಗಂಡ ಹೋಗುವ ವೇಶ್ಯಾಗೃಹದ ದೃಶ್ಯ. ಅಲ್ಲಿನ ದಾಗ್ಮಾರ್ ಎಂಬ ಹೆಣ್ಣಿನ ಪಾತ್ರವನ್ನೂ ಮಾಡಿದವರು ಖ್ರಮೊಸ್ತೊವಾ ಅವರೇ. ಮೊದಲ ಸಲ ನೋಡಿದವರಲ್ಲಿ ಬಹುಮಂದಿ ಇದನ್ನು ಗುರುತಿಸುವುದಿಲ್ಲ. ನಿಮ್ಮ ಕೂಟದಲ್ಲಿ ಎಷ್ಟು ಜನ ಗುರುತಿಸಿದ್ದರು ಎಂದು ಕೇಳಿ ನೋಡಿ, ಆಮೇಲೆ ಎರಡು ಪಾತ್ರಗಳ ನಿಲುವು, ಕಣ್ಣು, ಕತ್ತಿನ ಓಲಾಟಗಳನ್ನು ಹೋಲಿಸಿ. ಗಂಡನಿಗೆ ಮನೆಯ ಹೆಂಗಸೂ ಹೊರಗಿನ ಹೆಂಗಸೂ ಒಂದೇ ಮುಖದವರಾಗಿದ್ದಾರೆ ಎಂಬ ಭೀಕರ ಅರ್ಥ ಆಗ ಹೊರಡುತ್ತದೆ. ನಿರ್ದೇಶಕ ಹೆರ್ಜ್ ಅದನ್ನು ಬಾಯಿಬಿಟ್ಟು ಹೇಳಿಸುವ ಗೋಜಿಗೆ ಹೋಗಿಲ್ಲ. ಬಾಲ್ಯದಲ್ಲೇ ನಾತ್ಸಿ ಶಿಬಿರವನ್ನು ಕಂಡು ಬದುಕಿ ಬಂದ ನಿರ್ದೇಶಕರು ಅವರು.

ಮೂರು, ಸ್ನಾನದ ಕೋಣೆ. ಗಂಡ ಆಕೆಯನ್ನು ಚೆನ್ನಾಗಿ ಉಡುಪು ತೊಡಲು ಹೇಳಿ, ಕುರ್ಚಿಯ ಮೇಲೆ ನಿಲ್ಲಿಸಿ, ನೇಣು ಹಾಕಲೇ ಎಂಬ ಮಾತನ್ನು ಎಂದಿನ ಪ್ರೀತಿಯ ದನಿಯಲ್ಲೇ ಆಡುತ್ತಾನೆ. ಆಕೆ ನಗುತ್ತಾಳೆ. ಆ ನಗುವಿನಲ್ಲಿ ಏನಿದೆ ಎಂಬುದನ್ನು ವಿದ್ಯಾರ್ಥಿನಿಯರೇ ಮಾತನಾಡಲಿ, ನೀವು ಮೊದಲು ಹೇಳಬೇಡಿ. ಗಂಡನ ಮಾತನ್ನು ನಂಬುವ ಹಳೆಯ ರೂಢಿಯೋ, ಎಲ್ಲವನ್ನೂ ಅರಿತ ಮೇಲಿನ ದಣಿವೋ ಎಂಬ ಬಗ್ಗೆ ನಾನೂ ನನ್ನ ಹಳೆಯ ಸಹೋದ್ಯೋಗಿಗಳೂ ಇನ್ನೂ ಒಮ್ಮತಕ್ಕೆ ಬಂದಿಲ್ಲ. ಕ್ಯಾಮೆರಾದ ಹಿಂದೆ ಇದ್ದವರು ಮಿಲೋಟಾ ಎಂಬುದನ್ನು ಈ ದೃಶ್ಯದ ಮುಂಚೆಯೇ ತಿಳಿಸಿರಿ.

ಸಮಯ ಉಳಿದರೆ 2011ರಲ್ಲಿ ಹಾವೆಲ್ ತಾವೇ ನಿರ್ದೇಶಿಸಿದ, ಅವರ ಸ್ವಂತ ನಾಟಕವನ್ನು ಆಧರಿಸಿದ ಚಿತ್ರದ ಒಂದು ತುಣುಕನ್ನೂ ತೋರಿಸಬಹುದು. ಅದರಲ್ಲಿ ಖ್ರಮೊಸ್ತೊವಾ ಅಜ್ಜಿಯ ಪಾತ್ರದಲ್ಲಿದ್ದಾರೆ. ಆಗ ಅವರಿಗೆ 85 ವರ್ಷ. ಹಾವೆಲ್ ಅದೇ ವರ್ಷದ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮಿಲೋಟಾ 2019ರ ಫೆಬ್ರವರಿಯಲ್ಲಿ, ಖ್ರಮೊಸ್ತೊವಾ ಅದೇ ವರ್ಷದ ಅಕ್ಟೋಬರ್ 6ರಂದು ಪ್ರಾಗ್‌ನಲ್ಲಿ ತೀರಿಕೊಂಡರು.